ನಳ ಬಂದ ದಿನ ಕುಂಡಕ್ಕೆ ನೀರು

ಕೇಳುಗರಿಗೆಲ್ಲ ನಮಸ್ಕಾರ.

ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನಳ ದಿನಾ ಬರುವುದಿಲ್ಲ. ಬಂದ ದಿನ ಕೊಡ, ಬ್ಯಾರಲ್ಲು, ಟಾಕಿ ಎಲ್ಲ ತುಂಬಿಸಿ, ಕಡೆಗೆ ಪೈಪು ಹಿಡಿದು ಗಿಡದ ಕಡೆ ಹೋಗುತ್ತೇವೆ. ಮತ್ತೆ ಯಾವಾಗ ಬರುತ್ತದೋ ಏನೋ, ಇವತ್ತೇ ಹೊಟ್ಟೆ ತುಂಬ ಕುಡಿಯಲಿ ಅಂತ ಕುಂಡ ತುಳುಕುವವರೆಗೆ ನೀರು ಬಿಡುತ್ತೇವೆ. ಪ್ರೀತಿಯಿಂದಲೇ ಮಾಡುವ ಕೆಲಸ ಇದು. ಆದರೆ ಹೊಸದಾಗಿ ಕೈತೋಟ ಮಾಡುವವರ ಗಿಡಗಳು ಬಹಳಷ್ಟು ಸಲ ಸಾಯುವುದು ಇದರಿಂದಲೇ.

ಬೇರಿಗೆ ನೀರಿನ ಜೊತೆ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಬೇರು ಕೊಳೆಯುತ್ತದೆ. ಹಾಗೆ ಸತ್ತ ಗಿಡವನ್ನು ಕುಂಡದಿಂದ ಕಿತ್ತು ನೋಡಿ. ಬೇರು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತದೆ, ಮೂಗಿಗೆ ಹಿಡಿದರೆ ಕೆಟ್ಟ ವಾಸನೆ. ಬೆರಳಲ್ಲಿ ಎಳೆದರೆ ಮೇಲಿನ ಸಿಪ್ಪೆ ಜಾರಿ ಬರುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಹೊಲದ ಕಪ್ಪು ಎರೆಮಣ್ಣನ್ನೇ ತಂದು ಕುಂಡಕ್ಕೆ ತುಂಬುತ್ತೇವೆ. ಜೋಳ, ಕಡಲೆ, ಹತ್ತಿಗೆ ಅದಕ್ಕಿಂತ ಒಳ್ಳೇ ಮಣ್ಣಿಲ್ಲ, ಖರೆ. ಆದರೆ ಕುಂಡದಲ್ಲಿ ಅದು ಹಸಿಯಾದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕುಗ್ಗಿ ಕುಂಡದ ಗೋಡೆ ಬಿಟ್ಟು ಬರುತ್ತದೆ. ಆಮೇಲೆ ಹಾಕಿದ ನೀರು ಆ ಸಂದಿಯಲ್ಲೇ ಇಳಿದು ಕೆಳಗಿನ ತೂತಿನಿಂದ ಹೊರಗೆ ಹೋಗುತ್ತದೆ. ನೀರು ಕುಡಿಯಿತು ಅಂದುಕೊಳ್ಳುತ್ತೇವೆ, ನಡುವಿನ ಬೇರು ಒಣಗಿಯೇ ಇರುತ್ತದೆ! ಎರಡು ಪಾಲು ಕೆಂಪು ಮಸಾರಿ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಮರಳು ಕಲಸಿ ತುಂಬಿ. ಹಸಿ ಸೆಗಣಿ ಮಾತ್ರ ಬೇಡ, ಅದು ಕಳಿಯುವಾಗ ಕಾವು ಏರಿ ಬೇರು ಸುಡುತ್ತದೆ. ಹಳೇ ಪೇಂಟ್ ಡಬ್ಬಿಯಲ್ಲಿ ಗಿಡ ಹಚ್ಚುವವರು ತಳಕ್ಕೆ ನಾಲ್ಕೈದು ತೂತು ಹಾಕಲೇಬೇಕು.

ನೀರು ಯಾವಾಗ ಹಾಕಬೇಕು? ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡಿ. ತಂಪು ಹತ್ತಿದರೆ ಆ ದಿನ ಬೇಡ. ನಳ ಬಂದಿದ್ದರೂ ಬೇಡ, ಬ್ಯಾರಲ್ಲಿನಲ್ಲಿ ಇಟ್ಟುಕೊಳ್ಳಿ. ಮಧ್ಯಾಹ್ನ ಎಲೆ ಜೋತು ಬಿದ್ದ ಕೂಡಲೇ ತಂಬಿಗೆ ಹಿಡಿದು ಓಡಬೇಡಿ. ಬಿಸಿಲಿಗೆ ಬಾಡಿದ ಎಲೆ ಸಂಜೆ ತಾನೇ ಎದ್ದು ನಿಲ್ಲುತ್ತದೆ. ಮಣ್ಣು ಹಸಿ ಇದ್ದೂ ಸಂಜೆಯಾದರೂ ಎಲೆ ಜೋತೇ ಇದ್ದರೆ ನೀರು ಹೆಚ್ಚಾಗಿದೆ ಅಂತಲೇ ತಿಳಿಯಿರಿ. ಏಪ್ರಿಲ್, ಮೇ ಬಿಸಿಲಿಗೆ ಮಣ್ಣಿನ ಮೇಲೆ ಶೇಂಗಾ ಸಿಪ್ಪೆ ಹರಡಿದರೆ ತಂಪು ಬೇಗ ಆರುವುದಿಲ್ಲ.

ಮೊದಲ ಸಲಕ್ಕೇ ಗುಲಾಬಿ, ಟೊಮೆಟೊ ಅಂತ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಟೊಮೆಟೊಗೆ ದಿನಕ್ಕೆ ಆರು ತಾಸಾದರೂ ಬಿಸಿಲು ಬೇಕು, ಎಲ್ಲ ಮನೆಗಳಲ್ಲೂ ಅಷ್ಟು ಬಿಸಿಲು ಎಲ್ಲಿ ಸಿಗುತ್ತದೆ, ಅಲ್ವಾ? ಮೆಂತ್ಯೆಯಿಂದ ಶುರು ಮಾಡಿ. ಅಡುಗೆಮನೆ ಡಬ್ಬಿಯ ಕಾಳೇ ಸಾಕು, ತಿಂಗಳೊಳಗೆ ರೊಟ್ಟಿ ಜೊತೆ ತಿನ್ನಲು ಹಸಿ ಸೊಪ್ಪು ಕೈಗೆ ಬರುತ್ತದೆ. ಆಮೇಲೆ ಕೊತ್ತಂಬರಿ ಹಾಕಿ. ಹವೀಜವನ್ನು, ಅಂದರೆ ಕೊತ್ತಂಬರಿ ಬೀಜವನ್ನು, ಇಡಿಯಾಗಿ ಬಿತ್ತಬೇಡಿ, ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ. ಅರ್ಧ ಇಂಚಿಗಿಂತ ಆಳ ಹೋಗಬಾರದು. ಮೊಳಕೆ ಏಳಲು ಒಂದರಿಂದ ಎರಡು ವಾರ ಬೇಕು. ಅಷ್ಟರೊಳಗೆ ಕೆದರಿ ನೋಡಬೇಡಿ, ಕಾಯಿರಿ.

ನಮಸ್ಕಾರ.