ಕರುಳಿನ ಕ್ರಿಯಾಪದ

ಕೇಳುಗರೇ, ನಮಸ್ಕಾರ.

ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತದೆ. ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಬಡಿದು ಅರೆಜೀವ ಮಾಡಿ ಹೋಗಿದ್ದಾರೆ. ಯಾಜಕ ಬರುತ್ತಾನೆ, ನೋಡುತ್ತಾನೆ, ಆಚೆ ಬದಿಯಿಂದ ದಾಟಿಹೋಗುತ್ತಾನೆ. ದೇವಾಲಯದ ಸೇವಕನಾದ ಲೇವಿಯನೂ ಅಷ್ಟೇ. ಆಮೇಲೆ ಬಂದವನು ಸಮಾರ್ಯದವನು, ಯೆಹೂದ್ಯರು ಹತ್ತಿರ ಸೇರಿಸದ ಜನ. ಅವನೂ ನೋಡುತ್ತಾನೆ. ನೋಡಿದ್ದು ಮೂವರೂ ಹೌದು. ಗ್ರೀಕಿನಲ್ಲಿ ಮೂವರಿಗೂ ಅದೇ ಪದ. ಮೂರನೆಯವನಿಗೆ ಮಾತ್ರ ಲೂಕ ಇನ್ನೊಂದು ಕ್ರಿಯಾಪದ ಕೊಡುತ್ತಾನೆ: ಎಸ್ಪ್ಲಾಂಖ್ನಿಸ್ಥೆ.

ಇದರ ಮೂಲರೂಪ ಸ್ಪ್ಲಾಂಖ್ನಿಜೊಮಾಯ್. ಕನ್ನಡ ಬೈಬಲಿನಲ್ಲಿ ಇಂಥ ಕಡೆ ಸಾಮಾನ್ಯವಾಗಿ ಕಾಣುವ ಮಾತು 'ಕನಿಕರ'. ತಪ್ಪೇನಲ್ಲ, ಆದರೆ ತುಸು ಸಭ್ಯವಾಯಿತು. ಸ್ಪ್ಲಾಂಖ್ನ ಎಂದರೆ ಒಡಲೊಳಗಿನ ಅಂಗಗಳು. ಗ್ರೀಕರು ಬಲಿಪಶುವಿನ ಹೃದಯ, ಯಕೃತ್ತುಗಳನ್ನು ಸುಟ್ಟು ಮೊದಲು ತಿನ್ನುತ್ತಿದ್ದರಲ್ಲ, ಆ ಭಾಗಕ್ಕೂ ಇದೇ ಹೆಸರು. ತನ್ನ ಇನ್ನೊಂದು ಗ್ರಂಥವಾದ ಅಪೊಸ್ತಲರ ಕೃತ್ಯಗಳಲ್ಲಿ, ಯೇಸುವಿಗೆ ದ್ರೋಹ ಬಗೆದ ಯೂದನ ಹೊಟ್ಟೆ ಒಡೆದು ಕರುಳು ಹೊರಬಿದ್ದದ್ದನ್ನು ಹೇಳುವಾಗಲೂ ಲೂಕ ಬಳಸಿದ್ದು ಇದನ್ನೇ. 'ಕರುಳು ಚುರ್ ಎಂದಿತು' ಅನ್ನುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದ 12 ಸಲ ಬರುತ್ತದೆ. ಎಲ್ಲವೂ ಮತ್ತಾಯ, ಮಾರ್ಕ, ಲೂಕರಲ್ಲಿ. ಪತ್ರಗಳನ್ನು ಬರೆದ ಪೌಲ ಸ್ಪ್ಲಾಂಖ್ನ ಎಂಬ ನಾಮಪದವನ್ನು ಧಾರಾಳವಾಗಿ ಬಳಸುತ್ತಾನೆ, ಕ್ರಿಯಾಪದವನ್ನು ಮುಟ್ಟುವುದಿಲ್ಲ. ಇನ್ನೂ ಕುತೂಹಲದ ಸಂಗತಿ ಎಂದರೆ, ಹೀಗೆ ಕರುಳು ಮಿಡಿಯುವುದು ಯೇಸುವಿಗೆ, ಇಲ್ಲವೇ ಅವನು ಹೇಳಿದ ಕಥೆಗಳೊಳಗಿನವರಿಗೆ: ಸಾಲ ಮನ್ನಾ ಮಾಡುವ ಒಡೆಯ, ಈ ಸಮಾರ್ಯದವನು, ಹಾಳಾಗಿ ಮರಳಿದ ಮಗನನ್ನು ದೂರದಿಂದಲೇ ಕಂಡು ಓಡುವ ತಂದೆ. ಶಿಷ್ಯರಲ್ಲಿ ಒಬ್ಬನಿಗೂ ಸುವಾರ್ತಿಕರು ಈ ಪದ ಕೊಟ್ಟಿಲ್ಲ.

ಒಂದು ಕಡೆ ಮಾತ್ರ ದೊಡ್ಡ ತೊಡಕಿದೆ. ಮಾರ್ಕ 1:41ರಲ್ಲಿ ಕುಷ್ಠರೋಗಿ ಮೊಣಕಾಲೂರಿ ಬೇಡಿದಾಗ ಯೇಸು ಕನಿಕರಪಟ್ಟು ಅವನನ್ನು ಮುಟ್ಟಿದ ಎಂದು ಬಹುಪಾಲು ಹಸ್ತಪ್ರತಿಗಳಲ್ಲಿದೆ. ಕೇಂಬ್ರಿಜ್‌ನಲ್ಲಿರುವ ಬೆಜೆ ಎಂಬ ಪ್ರಾಚೀನ ಹಸ್ತಪ್ರತಿಯಲ್ಲಿ ಅದೇ ಜಾಗದಲ್ಲಿ 'ಸಿಟ್ಟಾಗಿ' ಎಂದಿದೆ! ಕನಿಕರವನ್ನು ಅಳಿಸಿ ಸಿಟ್ಟು ಬರೆಯುವ ನಕಲುಗಾರ ಯಾರಿದ್ದಾನು? ಮುಜುಗರಪಟ್ಟು ಸಿಟ್ಟನ್ನು ತಿದ್ದಿರುವ ಸಂಭವವೇ ಹೆಚ್ಚು ಎಂಬುದು ಕೆಲವು ವಿದ್ವಾಂಸರ ವಾದ. ಇದೇ ಪ್ರಸಂಗವನ್ನು ಹೇಳುವ ಮತ್ತಾಯ, ಲೂಕರು ಎರಡನ್ನೂ ಬಿಟ್ಟುಬಿಟ್ಟಿದ್ದಾರೆ. ಎರಡೇ ವಚನ ಮುಂದೆ ಯೇಸು ಆ ಗುಣವಾದವನನ್ನೇ ಗದರಿಸಿ ಕಳುಹಿಸುತ್ತಾನೆ.

'ಸಿಟ್ಟಾಗಿ' ಎಂಬ ಪಾಠಾಂತರವೇ ಹಳೆಯದೆಂದು ನನಗೂ ಅನಿಸುತ್ತದೆ, ಆದರೆ ಅದಕ್ಕಾಗಿ ಜಗಳಕ್ಕಿಳಿಯಲಾರೆ. ಯಾಕೆಂದರೆ ಗ್ರೀಕರಿಗೆ ಸಿಟ್ಟು ಕುದಿಯುತ್ತಿದ್ದದ್ದೂ ಇದೇ ಸ್ಪ್ಲಾಂಖ್ನದೊಳಗೆ. ರೋಗಿಯನ್ನು ಊರಿನಿಂದ ಹೊರಗಿಟ್ಟ ವ್ಯವಸ್ಥೆಯನ್ನು ಕಂಡವನಿಗೆ ಎರಡೂ ಒಟ್ಟಿಗೇ ಬಂದಿರಬಹುದು.

ನಮಸ್ಕಾರ.