ಬರೆದಿದ್ದು ಜನಕ್ಕೆ ಸಿಗೋದ್ ಹೇಗೆ? ಹೊಸದಾಗಿ ನ್ಯೂಸ್‌ಲೆಟರ್ ಶುರು ಮಾಡಿರೋರ ಜೊತೆ ಒಂದ್ ಮಾತುಕತೆ

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳ್ತಿದ್ಯಾ? ಫ್ಯಾನ್ ಸದ್ದು ಜಾಸ್ತಿ, ಆಫ್ ಮಾಡುದ್ರೆ ಸೆಕೆ, ಹಂಗಾಗಿ ಸ್ವಲ್ಪ ಮುಂದಕ್ಕೆ ಬಂದ್ಬಿಡಿ. ಮೈಸೂರಲ್ಲಿ ಭಾನುವಾರ ಬೆಳಿಗ್ಗೆ ದೋಸೆ ಕ್ಯೂ ಬಿಟ್ಟು ಇಲ್ಲಿಗ್ ಬಂದಿದೀರ ಅಂದ್ರೆ ನಿಮ್ಗೆ ನಿಜವಾಗ್ಲೂ ಓದುಗ್ರು ಸಿಗ್ತಿಲ್ಲ ಅಂತಾಯ್ತು.

ನಾನು ಮಂಡ್ಯ ಕಡೆಯವನು. ಊರಡುಗೆ, ಆಲೆಮನೆ, ನಾಲೆ ನೀರು, ಇಂಥದ್ರ ಬಗ್ಗೆ ವಾರಕ್ಕೊಂದು ನ್ಯೂಸ್‌ಲೆಟರ್, ಅಂದ್ರೆ ಸೇರ್ಕೊಂಡೋರಿಗೆ ಇಮೇಲಲ್ಲಿ ಹೋಗೋ ಪತ್ರ, ಬರೀತೀನಿ. ಶುರು ಮಾಡ್ದಾಗ 11 ಜನ ಇದ್ರು. ಅದ್ರಲ್ಲಿ 4 ಜನ ನಮ್ಮನೆಯವ್ರು, ಒಂದು ನಂದೇ ಹಳೇ ಇಮೇಲ್ ಐಡಿ. ಮೂರು ತಿಂಗ್ಳು ತಪ್ಪದೆ ಬರೆದೆ, 14 ಆಯ್ತು. ಆಗ ನಾನೂ ಎಲ್ರ ಥರಾನೇ ಬೈಕೊಂಡೆ, ಕನ್ನಡದಲ್ಲಿ ಯಾರೂ ಓದಲ್ಲ ಬಿಡು ಅಂತ. ಆಮೇಲ್ ಗೊತ್ತಾಯ್ತು, ಓದೋರು ಇದಾರೆ, ಅವ್ರು ಬರೋ ದಾರೀಲಿ ನಾನೇ ಕಲ್ಲು ಹಾಕಿಟ್ಟಿದೀನಿ ಅಂತ.

ಏನ್ ಕಲ್ಲು ಅಂತೀರಾ? ಮೊದಲ್ನೇದು ಹೆಡ್ಡಿಂಗು. ಬೆಲ್ಲ ಮಾಡೋದ್ರ ಬಗ್ಗೆ ಬರ್ದಿದ್ದೆ, ಎರಡು ದಿನ ಆಲೆಮನೇಲೇ ಕೂತು, ಕಬ್ಬಿನ ಹಾಲು ಕೊಪ್ಪರಿಗೆಗೆ ಬಿಡೋದ್ರಿಂದ ಹಿಡಿದು, ಬೆಂಡೆ ಗಿಡದ ಲೋಳೆ ಹಾಕಿ ಕಸ ತೆಗೆಯೋದು, ಪಾಕ ಬಂತಾ ಅಂತ ನೀರಿಗೆ ಬಿಟ್ಟು ನೋಡೋದು, ಅಚ್ಚಿಗೆ ಹುಯ್ಯೋವರ್ಗೂ ಎಲ್ಲಾ ಬರ್ದಿದ್ದೆ. ಹೆಡ್ಡಿಂಗ್ ಏನ್ ಕೊಟ್ಟಿದ್ದೆ ಗೊತ್ತಾ? "ಹೊಗೆಯೊಳಗಿನ ಸಿಹಿ". ನಂಗೆ ಬೋ ಖುಷಿ ಆಗಿತ್ತು ಆ ಹೆಡ್ಡಿಂಗ್ ಹೊಳೆದಾಗ. ಆದ್ರೆ ಈ ಪ್ರಪಂಚದಲ್ಲಿ ಯಾವನಾದ್ರೂ ರಾತ್ರಿ ಎದ್ದು ಕೂತು ಹೊಗೆಯೊಳಗಿನ ಸಿಹಿ ಅಂತ ಗೂಗಲ್ ಮಾಡ್ತಾನಾ? ಅವ್ನು ಟೈಪ್ ಮಾಡೋದು "ಬೆಲ್ಲ ಹೇಗೆ ಮಾಡ್ತಾರೆ", "ಬೆಲ್ಲಕ್ಕೆ ಕೆಮಿಕಲ್ ಹಾಕ್ತಾರಾ", ಅಷ್ಟೇ. ಹೆಡ್ಡಿಂಗ್ ಬದಲಾಯ್ಸಿ "ಮಂಡ್ಯದ ಆಲೆಮನೇಲಿ ಬೆಲ್ಲ ಹೇಗೆ ಮಾಡ್ತಾರೆ" ಅಂತ ಇಟ್ಟೆ. ಒಳಗೆ ಒಂದಕ್ಷರ ಮುಟ್ಟಿಲ್ಲ. ಇವತ್ತಿಗೂ ನಂಗೆ ಗೂಗಲ್‌ನಿಂದ ಜನ ಬರೋದು ಹೆಚ್ಚಾಗಿ ಅದೊಂದಕ್ಕೇ. ನಿಮ್ಗೆ ಕಾವ್ಯಾತ್ಮಕವಾಗಿ ಹೆಡ್ಡಿಂಗ್ ಕೊಡ್ಲೇಬೇಕು ಅಂತ ಆಸೆ ಇದ್ರೆ ಒಳಗೆ ಸಬ್‌ಹೆಡ್ಡಿಂಗ್‌ಗಳಿಗೆ ಕೊಡಿ, ಬೇಡ ಅನ್ನಲ್ಲ, ನಾನೂ ಕೊಡ್ತೀನಿ.

ಇಲ್ಲಿ ಒಂದ್ ವಿಷ್ಯ ಗಮನಿಸಿ. ನಿಮ್ ನ್ಯೂಸ್‌ಲೆಟರನ್ನ ಯಾರೂ ಹುಡ್ಕಲ್ಲ. ಹೊಸಬ್ರ ಹೆಸ್ರು ಯಾರಿಗ್ ಗೊತ್ತಿರುತ್ತೆ? ಸಿಗೋದು ಒಂದು ಬರಹ. ಆ ಒಂದು ಬರಹ ಓದಿ, ಪರ್ವಾಗಿಲ್ವಲ್ಲ ಈವಯ್ಯ ಅನ್ಸಿದ್ರೆ ಆಮೇಲೆ ನಿಮ್ ಹೆಸ್ರು ನೋಡ್ತಾರೆ. ಅದಕ್ಕೆ ಒಂದೊಂದು ಬರಹಾನೂ ನಿಮ್ಮನ್ನ ಕಂಡೇ ಇಲ್ದಿರೋನಿಗೆ ಅರ್ಥ ಆಗೋ ಹಂಗಿರ್ಬೇಕು. "ಕಳೆದ ವಾರ ಹೇಳಿದಂತೆ" ಅಂತ ಶುರು ಮಾಡ್ಬೇಡಿ ದಯವಿಟ್ಟು, ಅವ್ನು ಕಳೆದ ವಾರ ಇರ್ಲೇ ಇಲ್ಲ.

ಈಗ ಕನ್ನಡದ್ದೇ ಆದ ತಾಪತ್ರಯಗಳಿಗೆ ಬರ್ತೀನಿ. ಇಂಗ್ಲಿಷ್‌ನಲ್ಲಿ ಬರ್ದಿರೋ ಸಲಹೆಗಳಲ್ಲಿ ಇವು ಸಿಗಲ್ಲ, ಹಂಗಾಗಿ ಸ್ವಲ್ಪ ಹೊತ್ತು ಇದ್ರಲ್ಲೇ ಇರ್ತೀನಿ.

ಕಾಗುಣಿತ ಮೊದ್ಲು. ನಮ್ ಕಡೆ ಉಪ್ಸಾರು ಅಂತೀವಿ. ಬರೆಯೋವಾಗ ಕೆಲವ್ರು ಉಪ್ಪುಸಾರು, ಕೆಲವ್ರು ಉಪ್ಪು ಸಾರು ಅಂತ ಬಿಡಿಸಿ. ಇನ್ನೊಂದಷ್ಟು ಜನ, ಅದೇ ಜಾಸ್ತಿ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡಿ ಹುಡುಕ್ತಾರೆ. ಗೂಗಲ್ ಮೊದಲಿಗಿಂತ ಜಾಣ ಆಗಿದೆ ನಿಜ, ಆದ್ರೆ ಪೂರ್ತಿ ಅದ್ರ ಮೇಲೇ ಭಾರ ಹಾಕ್ಬೇಡಿ. ಬರಹದೊಳಗೆ ಸಹಜವಾಗಿ ಒಂದ್ ಸಲ "ಉಪ್ಸಾರು, ಕೆಲವ್ರು ಉಪ್ಪು ಸಾರು ಅಂತಾರೆ" ಅಂತ ತನ್ನಿ, ಮುಗೀತು. ಊರ್ ಹೆಸ್ರೂ ಅಷ್ಟೇ. ಇಂಗ್ಲಿಷ್‌ನಲ್ಲಿ ನಮ್ಮೂರುಗಳ ಸ್ಪೆಲ್ಲಿಂಗ್ ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ಕ್ಕೆ, ಮೈಸೋರ್ ಹೋಗಿ ಮೈಸೂರು ಆಯ್ತು. ಜನ ಮಾತ್ರ ಇವತ್ತಿಗೂ ಎರಡೂ ಬರೀತಾರೆ, ಆದ್ರಿಂದ ಇಂಗ್ಲಿಷಲ್ಲಿ ಡಿಸ್ಕ್ರಿಪ್ಷನ್ ಹಾಕೋವಾಗ ಎರಡನ್ನೂ ಸೇರಿಸ್ಬಿಡಿ.

ಎರಡನೇದು ಲಿಂಕು. ಕನ್ನಡದಲ್ಲಿ ಹೆಡ್ಡಿಂಗ್ ಕೊಟ್ರೆ ಎಷ್ಟೋ ಕಡೆ ಲಿಂಕ್ ಕೂಡ ಕನ್ನಡದಲ್ಲೇ ಆಗುತ್ತೆ, ನೋಡಕ್ ಚೆನ್ನಾಗಿರುತ್ತೆ, ಆದ್ರೆ ಕಾಪಿ ಮಾಡಿ ವಾಟ್ಸ್ಯಾಪ್‌ಗೆ ಹಾಕಿ ನೋಡಿ. ಬರೀ ಪರ್ಸೆಂಟ್ ಚಿಹ್ನೆ, ನಂಬರ್ರು, ಇಂಗ್ಲಿಷ್ ಅಕ್ಷರ, ಮೂರು ಸಾಲು. ಯಾಕಂದ್ರೆ ಕನ್ನಡದ ಒಂದೊಂದು ಚಿಹ್ನೆ ಯುಟಿಎಫ್-8ರಲ್ಲಿ, ಅಂದ್ರೆ ಕಂಪ್ಯೂಟರ್ ಅಕ್ಷರಗಳನ್ನ ಉಳಿಸಿಡೋ ಪದ್ಧತೀಲಿ, 3 ಬೈಟು ಜಾಗ ತಗೊಳುತ್ತೆ, ಲಿಂಕಲ್ಲಿ ಒಂದೊಂದು ಬೈಟಿಗೆ 3 ಅಕ್ಷರ, ಅಲ್ಲಿಗೆ 9 ಆಯ್ತು. "ಬೆಲ್ಲ" ಅನ್ನೋ ಪದದಲ್ಲಿ ಬ, ಏತ್ವ, ಲ, ಹಲಂತ, ಇನ್ನೊಂದ್ ಲ ಅಂತ 5 ಚಿಹ್ನೆ, ಅಂದ್ರೆ ಬರೀ ಬೆಲ್ಲಕ್ಕೇ 45 ಅಕ್ಷರ! ನಮ್ ದೊಡ್ಡಮ್ಮನಿಗೆ ಅಂಥ ಲಿಂಕ್ ಕಳ್ಸಿದ್ದೆ, "ವೈರಸ್ ಬಂದದೆ ಕಣೋ ಮಗ, ಡಿಲೀಟ್ ಮಾಡ್ಬುಟ್ಟೆ" ಅಂದ್ರು. ಪಬ್ಲಿಷ್ ಮಾಡೋಕ್ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಲಿಂಕಿನ ಕೊನೇ ಭಾಗನ ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ ಬದಲಾಯ್ಸಿ. ಮುಂಚೆನೇ ಮಾಡಿ, ಪಬ್ಲಿಷ್ ಆದ್ಮೇಲೆ ಬದಲಾಯ್ಸಿದ್ರೆ ಆಗ್ಲೇ ಹಂಚಿರೋ ಲಿಂಕ್ ಕೆಲಸ ಮಾಡ್ದೇ ಹೋಗ್ಬಹುದು.

ಆಮೇಲೆ ಹಿರಿಯ ಲೇಖಕ್ರು ಇಲ್ಲಿದಾರೆ ಅಂತ ಹೇಳ್ತೀನಿ, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಮಾಡಿಟ್ಟಿರೋ ಹಳೇ ಫೈಲ್‌ಗಳು. ಯೂನಿಕೋಡ್, ಅಂದ್ರೆ ಎಲ್ಲಾ ಭಾಷೆ ಅಕ್ಷರಕ್ಕೂ ಕಂಪ್ಯೂಟರಲ್ಲಿ ಇರೋ ಒಂದೇ ಪದ್ಧತಿ, ಅದಲ್ದಿರೋ ಫಾಂಟಲ್ಲಿ ಟೈಪ್ ಮಾಡಿರೋದನ್ನ ಹಂಗೇ ಪೇಸ್ಟ್ ಮಾಡಿದ್ರೆ ಕಂಪ್ಯೂಟರ್‌ಗೆ ಅದು ಕನ್ನಡವೇ ಅಲ್ಲ, ಅರ್ಥ ಇಲ್ದಿರೋ ಇಂಗ್ಲಿಷ್ ಅಕ್ಷರ. ಕೆಲವ್ರು ಅದಕ್ಕೆ ಉಪಾಯ ಅಂತ ಇಡೀ ಲೇಖನಾನೇ ಫೋಟೋ ಮಾಡಿ ಹಾಕ್ತಾರೆ. ಫೋಟೋದೊಳಗಿರೋ ಅಕ್ಷರ ನಂಬ್ಕೊಂಡು ಕೂತ್ರೆ ಸರ್ಚಲ್ಲಿ ಸಿಗೋದು ಅನುಮಾನ. ಯೂನಿಕೋಡ್‌ಗೆ ಕನ್ವರ್ಟ್ ಮಾಡೋ ಸಾಧನಗಳು ಪುಕ್ಕಟೆ ಇವೆ, ಕನ್ವರ್ಟ್ ಆದ್ಮೇಲೆ ಒತ್ತಕ್ಷರ ಒಂದ್ ಸಲ ಕಣ್ಣಾಡಿಸಿ.

ಇನ್ನೊಂದು ಜೀಮೇಲ್‌ದು. 102 ಕೆಬಿ ದಾಟಿದ್ರೆ ಜೀಮೇಲ್ ಮೇಲ್‌ನ ಅರ್ಧಕ್ಕೇ ಕತ್ತರಿಸುತ್ತೆ. ಈಗ ತಾನೇ ಹೇಳಿದ್ನಲ್ಲ 3 ಬೈಟು, ಅದ್ರಿಂದ ಕನ್ನಡದ ಲೇಖನ ಇಂಗ್ಲಿಷ್ ಲೇಖನಕ್ಕಿಂತ ಬೇಗ ಆ ಗೆರೆ ಮುಟ್ಟುತ್ತೆ, ಮೇಲೆ ಡಿಸೈನಿನ ಕೋಡ್ ತೂಕ ಬೇರೆ. ಕತ್ತರಿಸಿದ್ರೆ ಏನಾಗುತ್ತೆ? ಕೊನೇಲಿ ನೀವು "ಇಷ್ಟ ಆದ್ರೆ ಇನ್ನೊಬ್ರಿಗೆ ಕಳ್ಸಿ" ಅಂತ ಹಾಕಿರೋ ಬಟನ್ನೇ ಕಾಣಲ್ಲ. ನಾನು ಈಗ ಆ ಮಾತನ್ನ ಮಧ್ಯದಲ್ಲೇ, ಓದೋನಿಗೆ ರುಚಿ ಹತ್ತಿರೋ ಜಾಗದಲ್ಲಿ ಹಾಕ್ತೀನಿ.

ಸರಿ, ಸರ್ಚ್ ಸಾಕು. ನಿಜ ಹೇಳ್ಬೇಕಂದ್ರೆ ಹೊಸಬ್ರಿಗೆ ಸರ್ಚ್ ನಿಧಾನ, ಬಿತ್ತಿದ್ ಕೂಡ್ಲೇ ಪೈರು ಕಾಣಲ್ಲ. ಬೇಗ ಜನ ಬರೋದು ಇನ್ನೊಬ್ಬ ಬರಹಗಾರ ನಿಮ್ ಹೆಸ್ರು ಹೇಳಿದಾಗ. ನ್ಯೂಸ್‌ಲೆಟರ್ ಬರೆದು ಕಳ್ಸೋಕೆ ಇರೋ ಸಬ್‌ಸ್ಟ್ಯಾಕ್ ಅನ್ನೋ ವೆಬ್‌ಸೈಟ್ ಶುರುವಾಗಿದ್ದು 2017ರಲ್ಲಿ, ಒಬ್ರ ಪತ್ರಕ್ಕೆ ಸೇರಿದ ಕೂಡ್ಲೇ "ಇವ್ರು ಇಂಥವ್ರನ್ನ ಓದಿ ಅಂತಾರೆ" ಅಂತ ತೋರ್ಸೋ ರೆಕಮೆಂಡೇಷನ್ ತಂದಿದ್ದು 2022ರಲ್ಲಿ. ತಂತ್ರಜ್ಞಾನ ಹೊಸದು, ವಿಷ್ಯ ಹಳೇದು. ದೇವರಾಜ ಮಾರ್ಕೆಟ್‌ನಲ್ಲಿ ಹೂವಿನವ್ಳು "ಬಾಳೆಹಣ್ಣು ಆ ಮೂಲೆಯವ್ನತ್ರ ತಗೊಳಿ" ಅಂದ್ರೆ ನಾವು ರೇಟ್ ಕೂಡ ಕೇಳ್ದೆ ಹೋಗ್ತೀವಲ್ಲ, ಅದೇ.

ಆದ್ರೆ ಅದನ್ನ ಕೇಳಿ ಪಡ್ಯೋಕ್ ಹೋದ್ರೆ ಕೆಟ್ಟುಹೋಗುತ್ತೆ. ನಂಗೆ ವಾರವಾರಾನೂ ಮೆಸೇಜ್ ಬರುತ್ತೆ, "ಸರ್ ನಿಮ್ದು ಸೂಪರ್, ನಂದೂ ರೆಕಮೆಂಡ್ ಮಾಡಿ". ಓದಿಲ್ಲ ಅಂತ ಮೊದಲ್ನೇ ಪದಕ್ಕೇ ಗೊತ್ತಾಗುತ್ತೆ. ನಂಗೆ ಆಗಿದ್ದು ಬೇರೆ ಥರ. ಮದ್ದೂರು ಕಡೆ ಒಬ್ರು ಟೀಚರ್ ಹಳ್ಳಿ ಶಾಲೆ ಬಗ್ಗೆ ಬರೀತಾರೆ. ಅವ್ರ ಒಂದ್ ಬರಹದಲ್ಲಿ ಮಕ್ಳು ಡಬ್ಬಿಗೆ ತರೋ ಮುದ್ದೆ ವಿಷ್ಯ ಬಂದಿತ್ತು, ನಾನು ನನ್ ಪತ್ರದಲ್ಲಿ ಅದನ್ನೇ ಹಿಡ್ಕೊಂಡು ಎರಡು ಪ್ಯಾರಾ ಬರೆದು, ಅವ್ರ ಲಿಂಕ್ ಕೊಟ್ಟು ಸುಮ್ನಾದೆ, ಅವ್ರಿಗೆ ಹೇಳ್ಲೂ ಇಲ್ಲ. ತಿಂಗಳಾದ್ಮೇಲೆ ಅವ್ರೇ ನನ್ ಉಪ್ಸಾರಿನ ಬರಹದ ಬಗ್ಗೆ ಬರೆದ್ರು, ಒಂದೇ ದಿನ 37 ಜನ ಬಂದ್ರು. ಮೂರ್ ತಿಂಗ್ಳಲ್ಲಿ 3 ಜನ ಬಂದಿದ್ದೋನಿಗೆ 37 ಅಂದ್ರೆ ದಸರಾ ಜಂಬೂಸವಾರಿ!

ವಾಟ್ಸ್ಯಾಪ್ ಬಗ್ಗೆ ಕೇಳೇ ಕೇಳ್ತೀರ. ಫಾರ್ವರ್ಡ್ ನಂಬ್ಬೇಡಿ. ನಮ್ ದೇಶದಲ್ಲಿ 2018ರಿಂದ ಒಂದ್ ಸಲಕ್ಕೆ 5 ಚಾಟ್‌ಗೆ ಮಾತ್ರ ಹೋಗುತ್ತೆ, ತುಂಬಾ ಸಲ ಫಾರ್ವರ್ಡ್ ಆಗಿರೋದಾದ್ರೆ 2020ರಿಂದ ಒಂದೊಂದಕ್ಕೇ. ಅದಕ್ಕಿಂತ ಮುಖ್ಯ, ಫಾರ್ವರ್ಡೆಡ್ ಅನ್ನೋ ಪಟ್ಟಿ ನೋಡಿದ್ ತಕ್ಷಣ ಜನ ಮೇಲಕ್ ಸರ್ಸ್ತಾರೆ. ಒಬ್ರಿಗೆ ಅಂತ ಒಂದ್ ಸಾಲು ಟೈಪ್ ಮಾಡಿ, "ಅಕ್ಕ, ನಿಮ್ಮತ್ತೆ ಮಾಡ್ತಿದ್ದ ಬಸ್ಸಾರು ನೆನಪಾಯ್ತು ನೋಡಿ" ಅಂತ. ಹತ್ತು ಜನಕ್ಕೆ ಹತ್ತು ಥರ ಬರೀಬೇಕು. ಬೇಜಾರಿನ ಕೆಲಸ, ಆದ್ರೆ ಅವ್ರು ಓದ್ತಾರೆ.

ಎಷ್ಟು ಜನ ಓಪನ್ ಮಾಡಿದ್ರು ಅಂತ ದಿನಾ ನೋಡ್ತಾ ಕೂರೋದು ಬಿಡಿ. 2021ರಿಂದ ಆಪಲ್‌ನವ್ರ ಮೇಲ್ ಆಪಲ್ಲಿ ಪ್ರೈವೆಸಿ ಆನ್ ಇದ್ರೆ ಮೇಲ್ ಓದಿದ್ರೂ ಓದ್ದಿದ್ರೂ ಓಪನ್ ಅಂತಾನೇ ಲೆಕ್ಕ ಬರುತ್ತೆ. ನಾನು ನೋಡೋದು ವಾಪಸ್ ಉತ್ತರ ಎಷ್ಟು ಬಂತು ಅಂತ. ಯಾರಾದ್ರೂ "ನಮ್ ಕಡೆ ಹಿಂಗಲ್ಲ, ಅವರೆಕಾಳು ಹಾಕ್ತೀವಿ" ಅಂತ ಜಗಳ ತೆಗೆದ್ರೆ ಅವತ್ತು ಹಬ್ಬ.

"ನನ್ ವಿಷ್ಯ ಬೋ ಚಿಕ್ಕದು, ಯಾರ್ ಓದ್ತಾರೆ" ಅಂತ ಬಾಗಿಲಲ್ಲೇ ಒಬ್ರು ಕೇಳಿದ್ರು. ಇದೇ ಊರಲ್ಲಿ 1970ರಲ್ಲಿ ವರದರಾಜ ಅಯ್ಯಂಗಾರ್ರು ಸಂಸ್ಕೃತದಲ್ಲಿ ದಿನಪತ್ರಿಕೆ ಶುರು ಮಾಡಿದ್ರು, ಸುಧರ್ಮಾ ಅಂತ. ಪುಟ್ಟ ಪತ್ರಿಕೆ, ಅಂಚೇಲಿ ಚಂದಾದಾರರ ಮನೆಗೆ ಹೋಗೋದು. ಒಂಥರಾ ನ್ಯೂಸ್‌ಲೆಟರ್ರೇ ಅಲ್ವಾ? ಅದಕ್ಕಿಂತ ಚಿಕ್ಕ ವಿಷ್ಯ ಇನ್ನೆಲ್ಲಿ ತರ್ತೀರ? ಸಂಸ್ಕೃತದಲ್ಲಿ ಪೇಪರ್ ಬೇಕು ಅನ್ನೋನಿಗೆ ಎಲ್ಲಿ ಹೋಗ್ಬೇಕು ಅನ್ನೋ ಗೊಂದಲಾನೇ ಇರ್ಲಿಲ್ಲ, ಅದೇ ಅದ್ರ ಬಲ. "ಜೀವನ, ಸಿನಿಮಾ, ರಾಜಕೀಯ ಮತ್ತು ಇನ್ನಷ್ಟು" ಅಂತ ಬರೆಯೋರಿಗೇ ಕಷ್ಟ, ಯಾವ ಹುಡುಕಾಟಕ್ಕೂ ಅವ್ರು ಉತ್ತರ ಅಲ್ಲ.

ಕಾಫಿ ಬರೋಕೆ ಇನ್ನೂ ಹತ್ತು ನಿಮಿಷ ಇದ್ಯಂತೆ. ಎಲ್ರೂ ಫೋನ್ ತೆಗೀರಿ. ಪಕ್ಕದಲ್ಲಿರೋರಿಗೆ ನಿಮ್ ಹೆಸ್ರು ಹೇಳ್ಬೇಡಿ, ನ್ಯೂಸ್‌ಲೆಟರ್ ಹೆಸ್ರೂ ಬೇಡ, ಯಾವ್ ವಿಷ್ಯದ ಬಗ್ಗೆ ಬರ್ದಿದೀರಿ ಅಂತಷ್ಟೇ ಹೇಳಿ, ಅವ್ರು ಅವ್ರದೇ ಮಾತಲ್ಲಿ ಟೈಪ್ ಮಾಡಿ ಹುಡುಕ್ಲಿ. ನೀವು ಬಾಯ್ ಬಿಡ್ಬಾರ್ದು, ಅವ್ರು ಏನ್ ಟೈಪ್ ಮಾಡಿದ್ರು ಅನ್ನೋದನ್ನ ಮಾತ್ರ ಒಂದ್ ಚೀಟೀಲಿ ಬರ್ಕೊಳಿ. ಸಿಗ್ದಿದ್ರೆ ಬೇಜಾರ್ ಮಾಡ್ಕೋಬೇಡಿ, ಆ ಚೀಟೀಲಿರೋದೇ ನಿಮ್ ಮುಂದಿನ ಹೆಡ್ಡಿಂಗು. ಹ್ಞಾಂ, ಆ ಮೂಲೆಯವ್ರು, ಪಿಸುಗುಟ್ಟೋ ಹಂಗಿಲ್ಲ.