ವಕೀಲರ ಫೀಸು ಬರೆಯೋದಕ್ಕಲ್ಲ, ಕೇಳೋದಕ್ಕೆ

ನಮ್ಮ ವರ್ಕ್‌ಶಾಪಿನಲ್ಲಿ ಒಂದು ಕರಿ ಗ್ರಾನೈಟ್ ಕಲ್ಲಿದೆ. ಸರ್ಫೇಸ್ ಪ್ಲೇಟ್ ಅಂತೀವಿ. ಮಷಿನ್‌ನಿಂದ ಇಳಿದ ಜಾಬನ್ನು, ಅಂದರೆ ಕಡೆದ ಲೋಹದ ಭಾಗವನ್ನು, ಅದರ ಮೇಲಿಟ್ಟು ಅಳತೆಯ ಡಯಲ್ ಹಿಡಿದು ನೋಡುತ್ತೇವೆ. ಡ್ರಾಯಿಂಗ್‌ನಲ್ಲಿ ಕೊಟ್ಟಿದ್ದಕ್ಕಿಂತ ಹತ್ತು ಮೈಕ್ರಾನ್ ಆಚೀಚೆ ಆದರೂ ಜಾಬ್ ಪಕ್ಕಕ್ಕೆ ಹೋಗುತ್ತದೆ. ನಮ್ಮ ತಲೆಗೂದಲಿನ ದಪ್ಪದಲ್ಲಿ ಸಣ್ಣದೊಂದು ಭಾಗ ಅದು. ಅಷ್ಟು ಲೆಕ್ಕಾಚಾರದ ಮನುಷ್ಯ ನಾನು.

ನಾಲ್ಕು ವರ್ಷದ ಹಿಂದೆ ಅದೇ ಕಲ್ಲಿನ ಮೇಲೆ 24 ಪುಟದ ಕಾಂಟ್ರ್ಯಾಕ್ಟ್ ಇಟ್ಟು, ಪ್ರತಿ ಪುಟದ ಮೂಲೆಯಲ್ಲಿ ಸಹಿ ಹಾಕಿ, ಸೀಲ್ ಒತ್ತಿ, ಕೊರಿಯರ್ ಹುಡುಗನ ಕೈಗೆ ಕೊಟ್ಟೆ. ಪೂರ್ತಿ ಓದಲೇ ಇಲ್ಲ.

ಓದಬೇಕು ಅನ್ನಿಸಲೇ ಇಲ್ಲ ಅಂತಲ್ಲ. ಮೊದಲ ಪುಟ ಓದಿದೆ, ಅದರಲ್ಲಿ ನಮ್ಮ ಹೆಸರು, ಅವರ ಹೆಸರು, ಅಡ್ರೆಸ್ ಇತ್ತು. ಎರಡನೇ ಪುಟದಲ್ಲಿ ಒಂದೇ ವಾಕ್ಯ ಹನ್ನೊಂದು ಸಾಲು ಓಡಿತು. ಅಲ್ಲಿಗೆ ನಿಲ್ಲಿಸಿದೆ. ರೇಟು ಸರಿಯಿದೆಯಾ ಅಂತ ಕೊನೆಯ ಪುಟದ ಟೇಬಲ್ ನೋಡಿದೆ. ಸರಿಯಿತ್ತು. ಪೀಣ್ಯದಲ್ಲಿ ನನ್ನ ಹಾಗೆ ಸಹಿ ಹಾಕಿದವರನ್ನು ಎಣಿಸೋಕೆ ಹೋದರೆ ಒಂದು ರಸ್ತೆ ದಾಟೋದ್ರೊಳಗೆ ಸಂಜೆ ಆಗುತ್ತದೆ.

ಆಮೇಲೆ ಆಗಿದ್ದು ಇಷ್ಟು. ಮಾಲು ಹೋಯಿತು. ಪೇಮೆಂಟ್ ಬರಲಿಲ್ಲ. ಫೋನ್ ಮಾಡಿದರೆ, ‘ಕಾಂಟ್ರ್ಯಾಕ್ಟ್ ಪ್ರಕಾರ ಅಕ್ಸೆಪ್ಟೆನ್ಸ್ ಆಗಿ 90 ದಿನಕ್ಕೆ ಪೇಮೆಂಟ್, ಇನ್ನೂ ಅಕ್ಸೆಪ್ಟೆನ್ಸೇ ಆಗಿಲ್ಲ’ ಅಂದರು. ಯಾವಾಗ ಆಗುತ್ತೆ? ಅವರ ಕಸ್ಟಮರ್ ಬಂದು ಇನ್‌ಸ್ಪೆಕ್ಷನ್ ಮಾಡಿದಾಗ. ಅವರು ಯಾವಾಗ ಬರ್ತಾರೆ? ಅದು ಆ ಷರತ್ತಿದ್ದ ಹನ್ನೊಂದನೇ ಪುಟದಲ್ಲಿ ಬರೆದಿರಲಿಲ್ಲ. ಯಾವ ಪುಟದಲ್ಲೂ ಬರೆದಿರಲಿಲ್ಲ. ನನ್ನ 11 ಲಕ್ಷದ 40 ಸಾವಿರ ರೂಪಾಯಿ ಅವರ ಗೋಡೌನಿನಲ್ಲಿ, ಎಣ್ಣೆ ಹಚ್ಚಿದ ಪ್ಲಾಸ್ಟಿಕ್ ಕವರಿನೊಳಗೆ, 14 ತಿಂಗಳು ಕೂತಿತ್ತು. ಕೊನೆಗೆ 8 ಲಕ್ಷಕ್ಕೆ ಮುಗಿಸಿಕೊಂಡೆ. ಕಂಪನಿಯ ಹೆಸರು ಬೇಡ. ತಪ್ಪು ಅವರದ್ದು ಅರ್ಧ, ನನ್ನದು ಅರ್ಧ.

ಆಗ ವಕೀಲರ ಹತ್ತಿರ ಓಡಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮೇಡಂ 24 ಪುಟವನ್ನೂ ಓದಿದರು, ನನ್ನೆದುರಿಗೇ, ಪೆನ್ಸಿಲ್ ಹಿಡಿದು. ಓದಿ ಮುಗಿಸಿ ಕೇಳಿದ ಮೊದಲ ಪ್ರಶ್ನೆ: ‘ಸರ್, ಉದ್ಯಮ್ ರಿಜಿಸ್ಟ್ರೇಷನ್ ಇದೆಯಾ?’

ಇರಲಿಲ್ಲ. ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಮಾಡಿಸೋ ನೋಂದಣಿ ಅದು. ಯಾಕೆ ಕೇಳಿದರು ಅಂದರೆ, ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳಿಗಾಗಿ ಮಾಡಿದ 2006ರ ಎಂಎಸ್‌ಎಂಇ ಕಾನೂನಿನಲ್ಲಿ ನಮ್ಮಂಥ ಸಣ್ಣವರಿಗೆ ಒಂದು ದೊಡ್ಡ ಆಸರೆ ಇದೆ. ನೀವು ಮೈಕ್ರೋ ಅಥವಾ ಸ್ಮಾಲ್ ಯೂನಿಟ್ ಆಗಿದ್ದರೆ, ಕಾಂಟ್ರ್ಯಾಕ್ಟ್‌ನಲ್ಲಿ 90 ದಿನ, 120 ದಿನ ಅಂತ ಏನೇ ಬರೆದಿರಲಿ, ಮಾಲು ಒಪ್ಪಿಕೊಂಡ ಮೇಲೆ ಕೊಳ್ಳುವವರು 45 ದಿನ ದಾಟುವ ಹಾಗಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಇನ್ನೊಂದು ವಿಷಯ ಕೇಳಿ. ಮಾಲು ಮುಟ್ಟಿದ 15 ದಿನದೊಳಗೆ ಅವರು ಬರವಣಿಗೆಯಲ್ಲಿ ತಕರಾರು ಎತ್ತದಿದ್ದರೆ, ಮಾಲು ಮುಟ್ಟಿದ ದಿನವೇ ಒಪ್ಪಿಕೊಂಡ ದಿನ. ಅಂದರೆ ನನ್ನನ್ನು 14 ತಿಂಗಳು ಕಾಯಿಸಿದ ಆ ‘ಅಕ್ಸೆಪ್ಟೆನ್ಸ್’ ಅನ್ನೋ ಪದಕ್ಕೆ ಕಾನೂನಿನಲ್ಲೇ ಮದ್ದು ಇತ್ತು. ಆದರೆ ಮಾಲು ಹೋದ ಮೇಲೆ ರಿಜಿಸ್ಟರ್ ಮಾಡಿಸಿದರೆ ಹಳೇ ಬಿಲ್ಲಿಗೆ ಈ ಲಾಭ ಸಿಗೋದಿಲ್ಲ ಅಂತ 2021ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ವಾದ ಆಮೇಲೂ ನಿಂತಿಲ್ಲ, ಬಿಡಿ. ವಾದ ಮುಗಿಯೋವರೆಗೆ ಕಾಯುವ ಶಕ್ತಿ ನನಗಿರಲಿಲ್ಲ. ರಿಜಿಸ್ಟ್ರೇಷನ್‌ಗೆ ಒಂದು ರೂಪಾಯಿ ಖರ್ಚಿಲ್ಲ, ಆನ್‌ಲೈನ್‌ನಲ್ಲಿ ಆಗುತ್ತದೆ. ಇವತ್ತೇ ಮಾಡಿಸಿ.

ನಾನು ಹೇಳಬೇಕು ಅಂತಿರೋದು ಇದರ ಮುಂದಿನ ಕಥೆ. ಮುಂದಿನ ವರ್ಷ ಇನ್ನೊಂದು ಕಾಂಟ್ರ್ಯಾಕ್ಟ್ ಬಂತು. ಗುರುಗ್ರಾಮದ ಪಾರ್ಟಿ, ಎರಡು ವರ್ಷದ ಸಪ್ಲೈ. ಈ ಸಲ ಸಹಿಗೆ ಮೊದಲೇ ಮೇಡಂ ಹತ್ತಿರ ಹೋದೆ. ನಾನು ಅಂದುಕೊಂಡಿದ್ದು, ಫೈಲು ಕೊಟ್ಟು ಬರೋದು, ಅವರು ಕೆಂಪು ಗೆರೆ ಹಾಕಿ ವಾಪಸ್ ಕೊಡೋದು. ಹಾಗೆ ಆಗಲಿಲ್ಲ. ಫೈಲು ಮುಚ್ಚಿ ಪಕ್ಕಕ್ಕಿಟ್ಟು ಕೇಳೋಕೆ ಶುರು ಮಾಡಿದರು.

‘ಕಚ್ಚಾ ಮಾಲು ಯಾರದ್ದು?’ ನಮ್ಮದೇ ಮೇಡಂ, ಸ್ಟೀಲ್ ನಾವೇ ತಗೋತೀವಿ. ‘ಸ್ಟೀಲ್ ರೇಟು ಕೇಜಿಗೆ ಹದಿನೈದು ರೂಪಾಯಿ ಏರಿದರೆ?’ ಅವರನ್ನು ಕೇಳಬೇಕು. ‘ಕೇಳಿದರೆ ಅವರು ಇಲ್ಲ ಅಂದರೆ?’ ಸುಮ್ಮನಾದೆ. ‘ಮಾಲು ರಿಜೆಕ್ಟ್ ಆದರೆ ಗುರುಗ್ರಾಮದಿಂದ ವಾಪಸ್ ತರೋ ಲಾರಿ ಬಾಡಿಗೆ ಯಾರು ಕೊಡೋದು? ಜಾಬ್ ಹಿಡಿದಿಡೋ ಫಿಕ್ಸ್ಚರ್ ಮಾಡಿಸೋಕೆ ದುಡ್ಡು ಯಾರು ಹಾಕ್ತಿದ್ದಾರೆ? ಎರಡು ವರ್ಷ ಆದ ಮೇಲೆ ಅದು ಯಾರ ಮನೆಯಲ್ಲಿರುತ್ತೆ? ಅರ್ಧ ಕೆಲಸ ಆಗಿರುವಾಗ ಅವರು ಆರ್ಡರ್ ಕ್ಯಾನ್ಸಲ್ ಮಾಡಿದರೆ ಅರ್ಧ ಆದ ಪೀಸುಗಳ ಗತಿ ಏನು? ನಿಮ್ಮ ಮಷಿನ್ ಸ್ಪಿಂಡಲ್ ಹೋದರೆ ಎಷ್ಟು ದಿನಕ್ಕೆ ರಿಪೇರಿ ಆಗುತ್ತೆ?’

ಎರಡು ಗಂಟೆ ಇದೇ ಆಯಿತು. ಮಧ್ಯೆ ಒಂದು ಕಾಫಿ. ಇಪ್ಪತ್ತು ವರ್ಷದಿಂದ ಈ ಧಂದೆಯಲ್ಲಿದ್ದೇನೆ. ಆ ಪ್ರಶ್ನೆಗಳಲ್ಲಿ ಅರ್ಧಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಪಿಂಡಲ್ ಹೋದರೆ ಮೂರು ವಾರ ಅಂತ ನನಗೆ ಗೊತ್ತಿತ್ತು. ಆದರೆ ಲೇಟ್ ಆದ ಪ್ರತಿ ವಾರಕ್ಕೂ ಅರ್ಧ ಪರ್ಸೆಂಟ್ ಕಟ್ ಅಂತ ಆ ಫೈಲಿನಲ್ಲಿ ಇದ್ದದ್ದಕ್ಕೂ ಈ ಮೂರು ವಾರಕ್ಕೂ ನಾನು ಗಂಟು ಹಾಕಿ ನೋಡಿರಲಿಲ್ಲ. ಆ ಕಟ್‌ಗೆ ಮೇಲಿನ ಮಿತಿಯೂ ಇರಲಿಲ್ಲ.

ನನ್ನ ಅಭಿಪ್ರಾಯ ಅಲ್ಲಿ ಹುಟ್ಟಿದ್ದು. ವಕೀಲರಿಗೆ ನಾವು ಕೊಡೋ ದುಡ್ಡು ಇಂಗ್ಲಿಷ್ ಬರೆಯೋದಕ್ಕಲ್ಲ. ಇಂಗ್ಲಿಷ್ ಈಗ ಫೋನಿನಲ್ಲೇ ಸಿಗುತ್ತದೆ. ದುಡ್ಡು ಆ ಎರಡು ಗಂಟೆಗೆ. ಪ್ರಶ್ನೆ ಕೇಳದೆ ನೇರ ಬರೆಯೋಕೆ ಕೂರುವ ವಕೀಲರ ಹತ್ತಿರ ನಾನು ಇನ್ನು ಹೋಗೋದಿಲ್ಲ.

ಅದಕ್ಕೇ ಇಂಟರ್ನೆಟ್ಟಿನ ಫಾರ್ಮ್ಯಾಟ್ ಅಂದರೆ ನನಗೆ ಭಯ. ನನ್ನ ಪರಿಚಯದ ಒಬ್ಬರು ಸಾಫ್ಟ್‌ವೇರ್ ಸರ್ವಿಸ್ ಕೊಡ್ತಾರೆ. ಅವರ ಅಗ್ರಿಮೆಂಟ್ ತೆಗೆದು ನೋಡಿದರೆ ಅಮೆರಿಕದ ಡೆಲವೇರ್ ಕಾನೂನು ಅಂತ ಇತ್ತು. ಅವರು ಇರೋದು ವಿಜಯನಗರದಲ್ಲಿ, ಗಿರಾಕಿ ಇರೋದು ಹುಬ್ಬಳ್ಳಿಯಲ್ಲಿ. ಜೊತೆಗೆ ಕಾಂಟ್ರ್ಯಾಕ್ಟ್ ಮುಗಿದ ಮೇಲೂ ಐದು ವರ್ಷ ಗಿರಾಕಿ ಇದೇ ವ್ಯಾಪಾರ ಮಾಡಬಾರದು ಅಂತ ಬೇರೆ. ನಮ್ಮ 1872ರ ಕಾಂಟ್ರ್ಯಾಕ್ಟ್ ಕಾನೂನಿನ 27ನೇ ಸೆಕ್ಷನ್ ಪ್ರಕಾರ ಅಂಥ ಷರತ್ತು ಸಾಮಾನ್ಯವಾಗಿ ನಿಲ್ಲೋದೇ ಇಲ್ಲ. ಜಹೀರ್ ಖಾನ್ ಗೊತ್ತಲ್ವಾ, ಬೌಲರ್? ಅವರ ಜಾಹೀರಾತು ವ್ಯವಹಾರ ನೋಡಿಕೊಳ್ಳುತ್ತಿದ್ದ ಕಂಪನಿ ಇದೇ ಜಾಡಿನ ಒಂದು ಷರತ್ತು ಹಿಡಿದು ಕೋರ್ಟಿಗೆ ಹೋಗಿತ್ತು. ಕಾಂಟ್ರ್ಯಾಕ್ಟ್ ಮುಗಿದ ಮೇಲೂ ಬೇರೆಯವರ ಆಫರ್ ಬಂದರೆ ಮೊದಲು ನಮಗೇ ತೋರಿಸಬೇಕು ಅನ್ನೋದು ಅವರ ಪಟ್ಟು. 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹೊರಗಿನ ಫಾರ್ಮ್ಯಾಟ್ ತಂದು ಅಂಟಿಸಿದರೆ, ಬೀಗ ಇದೆ ಅಂತ ಧೈರ್ಯವಾಗಿ ಮಲಗಿರ್ತೀವಿ, ಬಾಗಿಲೇ ಇರೋದಿಲ್ಲ.

ಇನ್ನು ಮಾತುಕತೆಗೆ ಯಾರು ಕೂರಬೇಕು? ಇದರಲ್ಲಿ ನನ್ನದು ಸ್ವಲ್ಪ ಬೇರೆ ದಾರಿ. ಮೊದಲ ಮೀಟಿಂಗಿಗೇ ವಕೀಲರನ್ನು ಕರೆದುಕೊಂಡು ಹೋಗಬೇಡಿ. ಆ ಕಡೆಯ ಪರ್ಚೇಸ್ ಮ್ಯಾನೇಜರ್ ತಕ್ಷಣ ಬಿಗಿಯಾಗ್ತಾನೆ, ಅವನೂ ಅವರ ಲೀಗಲ್‌ನವರನ್ನು ಕರೀತಾನೆ, ಆಮೇಲೆ ಮಾತು ನಿಮ್ಮಿಬ್ಬರ ಕೈಯಲ್ಲಿ ಇರೋದಿಲ್ಲ. ಮಸಾಲೆ ಪುಡಿ ವ್ಯಾಪಾರದ ಗೆಳೆಯನೊಬ್ಬ ಹೀಗೇ ಒಂದು ಒಳ್ಳೇ ಡೀಲರ್‌ಶಿಪ್ ಕಳೆದುಕೊಂಡ. ಮೂರು ಪುಟದಲ್ಲಿ ಮುಗಿಯೋದಕ್ಕೆ ಅವನ ವಕೀಲರು ಮೂವತ್ತು ಪುಟ ಬರೆದಿದ್ದರು. ಆ ಕಡೆಯವರು ನೋಡಿ ಸುಸ್ತಾಗಿ ಫೋನ್ ಎತ್ತೋದನ್ನೇ ಬಿಟ್ಟರು.

ನಮ್ಮ ಮೇಡಂ ಮಾಡಿಸಿದ್ದು ಇದು: ಇಡೀ ಕಾಂಟ್ರ್ಯಾಕ್ಟ್ ಮೂರು ಗುಡ್ಡೆ. ಬಿಟ್ಟುಕೊಡಬಹುದಾದ್ದು, ಎಳೆದಾಡಬಹುದಾದ್ದು, ಜಪ್ಪಯ್ಯ ಅಂದರೂ ಬಿಡಬಾರದ್ದು. ಮೂರನೇ ಗುಡ್ಡೆಯಲ್ಲಿ ಇದ್ದದ್ದು ನಾಲ್ಕೇ. 45 ದಿನದ ಪೇಮೆಂಟ್. ಲೇಟ್ ಕಟ್‌ಗೆ ಒಟ್ಟು 5 ಪರ್ಸೆಂಟಿನ ಮಿತಿ. ಸ್ಟೀಲ್ ರೇಟು. ಆಮೇಲೆ ಜಗಳ ಬಂದರೆ ಎಲ್ಲಿ, ಯಾರ ಮುಂದೆ ಅನ್ನೋದು.

ಮಾತಾಡಿದ್ದು ನಾನೇ. ಮೇಡಂ ಫೋನಿನಲ್ಲಿದ್ದರು. ಕಷ್ಟದ ಜಾಗ ಬಂದಾಗೆಲ್ಲ ‘ನಮ್ಮ ಲಾಯರ್ ಒಪ್ತಿಲ್ಲ ಸರ್, ನನ್ನದೇನಿಲ್ಲ’ ಅಂದೆ. ಮದುವೆ ಮಾತುಕತೆಯಲ್ಲಿ ‘ಅಣ್ಣನ್ನ ಒಂದು ಮಾತು ಕೇಳ್ತೀವಿ’ ಅಂತಾರಲ್ಲ, ಹಾಗೆ. ಕೆಟ್ಟವರಾಗೋಕೆ ಒಬ್ಬರು ಬೇಕು, ಅದಕ್ಕೂ ಸೇರಿಸಿಯೇ ಫೀಸು.

ನಾಲ್ಕನೇ ಅಂಶದಲ್ಲಿ ಜಾಸ್ತಿ ಎಳೆದಾಟ ಆಯಿತು. ಅವರ ಡ್ರಾಫ್ಟ್‌ನಲ್ಲಿ, ಜಗಳ ಬಂದರೆ ಅವರ ಎಂ.ಡಿ. ನೇಮಿಸಿದ ಆರ್ಬಿಟ್ರೇಟರ್ (ಕೋರ್ಟಿನ ಹೊರಗೆ ತೀರ್ಪು ಹೇಳುವವರು), ಜಾಗ ಗುರುಗ್ರಾಮ ಅಂತಿತ್ತು. ಅಳಿಯನ ಜಗಳಕ್ಕೆ ಮಾವನೇ ಪಂಚಾಯ್ತಿದಾರನನ್ನು ಕಳಿಸಿದ ಹಾಗೆ. ಗೆಲುವಿನಲ್ಲಿ ಪಾಲಿರುವವನು ತಾನೊಬ್ಬನೇ ಆರ್ಬಿಟ್ರೇಟರನ್ನು ನೇಮಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಆದರೂ ಹಳೇ ಟೆಂಪ್ಲೇಟುಗಳಲ್ಲಿ ಆ ಸಾಲು ಹಾಗೇ ಬರುತ್ತಾ ಇರುತ್ತದೆ. ಯಾರೂ ಅಳಿಸೋದಿಲ್ಲ. ನಾವು ಬೆಂಗಳೂರು ಅಂದೆವು. ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿ ಹೈಕೋರ್ಟಿನ ಆಸರೆಯ ಆರ್ಬಿಟ್ರೇಷನ್ ಸೆಂಟರ್ ಇದೆ, ಅಲ್ಲೇ ಆಗಲಿ ಅಂತ ಬರೆದು ಕಳಿಸಿದೆವು. ಒಂಬತ್ತು ದಿನ ಉತ್ತರ ಇಲ್ಲ. ಹತ್ತನೇ ದಿನ ಒಪ್ಪಿದರು. ಬದಲಿಗೆ ಒಂದನೇ ಗುಡ್ಡೆಯಿಂದ ಎರಡು ಬಿಟ್ಟುಕೊಟ್ಟೆ. ಏನು ಬಿಟ್ಟೆ ಅಂತ ಈಗ ನೆನಪೂ ಇಲ್ಲ.

ಸ್ಟಾಂಪ್ ಪೇಪರ್ ವಿಷಯ ಒಂದು ಹೇಳಿಬಿಡ್ತೀನಿ. ‘ಬಾಂಡ್ ಪೇಪರ್ ಮೇಲೆ ಮಾಡ್ಕೊಂಡಿದ್ದೀವಿ, ಇನ್ನೇನು ಭಯ’ ಅನ್ನೋರು ಬಹಳ. ಕಾಗದದಲ್ಲಿ ಶಕ್ತಿ ಇದ್ದಿದ್ದರೆ ಖಾನಾಪುರದ ತೆಲ್ಗಿ ಖೋಟಾ ಛಾಪಾ ಕಾಗದ ಮಾರಿ ದೇಶಕ್ಕೇ ಶಕ್ತಿ ಹಂಚಿದ ಹಾಗಾಯಿತು! ಈಗ ಇ-ಸ್ಟಾಂಪ್ ಬಂದಿದೆ. ಆದರೆ ಎಷ್ಟರದ್ದು ಅನ್ನೋದು ಮುಖ್ಯ. ಕಡಿಮೆ ಕಟ್ಟಿದ್ದರೆ ಕರ್ನಾಟಕದ 1957ರ ಸ್ಟಾಂಪ್ ಕಾನೂನಿನಲ್ಲಿ, ಆ ಕಾಗದವನ್ನು ಕೋರ್ಟು ಸಾಕ್ಷಿಯಾಗಿ ತೆಗೆದುಕೊಳ್ಳೋ ಮೊದಲು ಬಾಕಿ ಡ್ಯೂಟಿಯ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ. ಯಾವ ಅಗ್ರಿಮೆಂಟಿಗೆ ಎಷ್ಟು ಅಂತ ಟೈಪಿಂಗ್ ಅಂಗಡಿಯವರನ್ನು ಕೇಳಬೇಡಿ.

ಯಾವ ವಕೀಲರು ಅಂತ ತುಂಬಾ ಜನ ಕೇಳ್ತಾರೆ. ಹೆಸರು ಹೇಳೋದಿಲ್ಲ. ವಕೀಲರು ಜಾಹೀರಾತು ಕೊಡೋ ಹಾಗೇ ಇಲ್ಲ, ಬಾರ್ ಕೌನ್ಸಿಲ್ ನಿಯಮ. ನಾನು ಯಾಕೆ ಕೊಡಲಿ? ನಿಮ್ಮ ಆಡಿಟರನ್ನು ಕೇಳಿ, ಪಕ್ಕದ ಶೆಡ್ಡಿನವರನ್ನು ಕೇಳಿ. ಆದರೆ ನಿಮ್ಮ ಸೈಟಿನ ಕೇಸು ಗೆದ್ದುಕೊಟ್ಟವರೇ ಇದಕ್ಕೂ ಆಗ್ತಾರೆ ಅಂದುಕೊಳ್ಳಬೇಡಿ. ಹಲ್ಲು ಡಾಕ್ಟರೂ ಡಾಕ್ಟರೇ, ಆದರೆ ಮೊಣಕಾಲು ನೋವಿಗೆ ಹೋಗ್ತೀವಾ? ಫೀಸು ಮೊದಲೇ ಮಾತಾಡಿ, ಎಷ್ಟು ಸಲ ತಿದ್ದಿಕೊಡ್ತಾರೆ ಅಂತಲೂ ಕೇಳಿ. ನನಗೆ ಆ ಕಾಂಟ್ರ್ಯಾಕ್ಟಿಗೆ 35 ಸಾವಿರ ಆಯಿತು. ಕೊಡುವಾಗ ಹೊಟ್ಟೆ ಉರಿಯಿತು, ಸುಳ್ಳು ಹೇಳೋದಿಲ್ಲ. ಗೆದ್ದರೆ ಇಷ್ಟು ಪರ್ಸೆಂಟ್ ಅನ್ನೋ ವಕೀಲರು ಸಿಕ್ಕರೆ ಎದ್ದು ಬನ್ನಿ, ಹಾಗೆ ಫೀಸು ಹಿಡಿಯೋಕೆ ನಮ್ಮಲ್ಲಿ ಅವಕಾಶ ಇಲ್ಲ. ಇಪ್ಪತ್ತು ಸಾವಿರದ ಜಾಬ್ ವರ್ಕಿಗೆಲ್ಲ ವಕೀಲರು ಬೇಡ. ಒಂದು ಇಮೇಲ್‌ನಲ್ಲಿ ಐದು ಸಾಲು ಸಾಕು.

ನಾನು ಇಟ್ಟುಕೊಂಡಿರೋ ಪರೀಕ್ಷೆ ಒಂದೇ. ಯಾವುದಾದರೂ ಒಂದು ಷರತ್ತಿನ ಮೇಲೆ ಬೆರಳಿಟ್ಟು, ‘ಇದನ್ನ ಕನ್ನಡದಲ್ಲಿ ಹೇಳಿ’ ಅನ್ನೋದು. ಇಂಡೆಮ್ನಿಟಿ ಅನ್ನೋ ಪದಕ್ಕೆ ಮೇಡಂ ಹೇಳಿದ್ದು ಹೀಗೆ: ‘ಅವರ ಮನೆಯ ಬೆಂಕಿಗೂ ನೀವೇ ನೀರು ಹೊರ್ತೀನಿ ಅಂತ ಬರ್ಕೊಡ್ತಿದ್ದೀರ ಸರ್. ಎಷ್ಟು ಕೊಡ ಅಂತ ಬರೆದಿಲ್ಲ.’ ಅಷ್ಟು ಸಾಕಾಯಿತು. ಕೊಡಗಳ ಲೆಕ್ಕ ಬರೆಸಿಯೇ ಸಹಿ ಹಾಕಿದೆ.

ಹೋದ ಸೋಮವಾರ ಹೊಸ ಪಿಓ, ಅಂದರೆ ಪರ್ಚೇಸ್ ಆರ್ಡರ್, ಬಂತು. ಒಂದೇ ಹಾಳೆ. ಹಿಂದೆ ತಿರುಗಿಸಿದರೆ ಬೂದು ಬಣ್ಣದಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಷರತ್ತುಗಳು. ನಮ್ಮ ಹುಡುಗ ಅದನ್ನು ಸರ್ಫೇಸ್ ಪ್ಲೇಟ್ ಮೇಲಿಟ್ಟು, ಪೆನ್ನನ್ನೂ ಪಕ್ಕದಲ್ಲಿಟ್ಟು, ‘ಅಣ್ಣ, ಸೀಲ್ ತರ್ಲಾ?’ ಅಂದ. ಫೋಟೋ ತೆಗೆದು ಮೇಡಂಗೆ ವಾಟ್ಸಾಪ್ ಮಾಡಿದೆ. ರಾತ್ರಿ ಉತ್ತರ ಬಂತು, ಒಂದೇ ಸಾಲು: ‘ಡ್ರಾಯಿಂಗ್ ಯಾರು ಮಾಡಿದ್ದು ಸರ್, ಅವರಾ, ನೀವಾ?’

ನಿಜ ಹೇಳಬೇಕಂದರೆ, ಅರ್ಧ ಅವರು, ಅರ್ಧ ನಮ್ಮ ಹುಡುಗ. ಪಿಓ ಇನ್ನೂ ಅದೇ ಕಲ್ಲಿನ ಮೇಲಿದೆ, ಹಾರಿಹೋಗದ ಹಾಗೆ ಮೇಲೊಂದು ರಿಜೆಕ್ಟ್ ಪೀಸು ಇಟ್ಟಿದ್ದೇನೆ.